ಹೊಸದಾಗಿ ಕಟ್ಟಿಸಿದ ಎಂಜಿನ್ನಿಗೆ ಮೊದಲ ಎಣ್ಣೆ

ಲಚ್ಯಾಣದಂತಹ ಊರಿನಲ್ಲಿ ಒಂದು ಟ್ರ್ಯಾಕ್ಸ್ ಗಾಡಿಯೆಂದರೆ ಬರಿಯ ವಾಹನವಲ್ಲ, ಒಂದು ಮನೆತನದ ಹೊಟ್ಟೆಪಾಡು. ರೇಲ್ವೆ ನಿಲ್ದಾಣದಲ್ಲಿ ಇಳಿದವರನ್ನು ಹಳ್ಳಿಗೆ ಮುಟ್ಟಿಸುವುದು, ಸಿದ್ಧಲಿಂಗ ಮಹಾರಾಜರ ಮಠಕ್ಕೆ ಬರುವ ಭಕ್ತರನ್ನು ಕರೆತರುವುದು, ನಿಂಬೆಯ ಚೀಲಗಳನ್ನು ಇಂಡಿಯ ಪೇಟೆಗೆ ಸಾಗಿಸುವುದು, ಇವೆಲ್ಲವೂ ಅದರ ಕೆಲಸ. ಅದರ ಎಂಜಿನ್ನು ಸವೆದು ನೀಲಿ ಹೊಗೆ ಬಿಡತೊಡಗಿದರೆ, ಯಜಮಾನನು ಸಾಲ ಮಾಡಿಯಾದರೂ ಅದನ್ನು ಇಳಿಸಿ, ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಒಯ್ದು, ಬೋರು ಮಾಡಿಸಿ, ಹೊಸ ಪಿಸ್ಟನ್ನು ರಿಂಗುಗಳನ್ನು ಹಾಕಿಸುತ್ತಾನೆ. ಹಣವೆಲ್ಲ ಖರ್ಚಾದ ಮೇಲೆ ಸಣ್ಣದೆಂದು ತೋರುವ ಒಂದು ಪ್ರಶ್ನೆ ಉಳಿಯುತ್ತದೆ: ಮೊದಲು ಯಾವ ಎಣ್ಣೆ ಹಾಕಬೇಕು?

ಇಲ್ಲಿ ಸಲಹೆಗಳಿಗೆ ಬರವಿಲ್ಲ. “ತುಟ್ಟಿ ಆದ್ರೂ ಸಿಂಥೆಟಿಕ್ಕೇ ಹಾಕ್ರಿ ಅಣ್ಣಾರ” ಎಂದು ಅಂಗಡಿಯವನು ಹೇಳಿದರೆ, “ಐವತ್ತರ ದಪ್ಪ ಎಣ್ಣಿ ಹಾಕ್ರಿ, ಚಿಂತೀನ ಇಲ್ಲ” ಎಂದು ಪಕ್ಕದ ಚಾಲಕನು ಹೇಳುತ್ತಾನೆ. ಇಬ್ಬರದೂ ಒಳ್ಳೆಯ ಮನಸ್ಸೇ. ಆದರೆ ಈ ಹೊತ್ತಿಗೆ ಎರಡೂ ಸರಿಯಾದ ಮಾತಲ್ಲ. ಕಾರಣವನ್ನು ತಿಳಿಯಲು ನಮ್ಮ ಅಡಿಗೆಮನೆಯ ಬೀಸುವ ಕಲ್ಲನ್ನೇ ನೆನೆಯಬಹುದು.

ಕಲ್ಲು ಸವೆದು ನುಣ್ಣಗಾದರೆ ಜೋಳ ನುರಿಯುವುದಿಲ್ಲ. ಆಗ ಅದನ್ನು ಉಳಿಯಿಂದ ಹೊಯ್ಯಿಸಿ ಒರಟು ಮಾಡುತ್ತಿದ್ದರು. ಹಾಗೆ ಹೊಯ್ಯಿಸಿದ ಕಲ್ಲಿನಲ್ಲಿ ಮೊದಲು ಬೀಸಿದ ಹಿಟ್ಟಿನಲ್ಲಿ ಕಲ್ಲಿನ ಪುಡಿ ಇರುವುದರಿಂದ ಅದನ್ನು ಯಾರೂ ರೊಟ್ಟಿಗೆ ಬಳಸುತ್ತಿರಲಿಲ್ಲ. ಬೋರು ಮಾಡಿದ ಸಿಲಿಂಡರಿನ ಒಳಗೋಡೆಯೂ ಹೀಗೆಯೇ. ಅದರ ಮೇಲೆ ಹೋನಿಂಗ್ ಕಲ್ಲಿನಿಂದ ಒಂದಕ್ಕೊಂದು ಅಡ್ಡಹಾಯುವ ಸಣ್ಣ ಗೆರೆಗಳನ್ನು ಬೇಕೆಂದೇ ಎಳೆದಿರುತ್ತಾರೆ. ಗೆರೆಗಳ ತಗ್ಗಿನಲ್ಲಿ ಎಣ್ಣೆ ನಿಲ್ಲುತ್ತದೆ. ಉಬ್ಬಿನ ತುದಿಗಳು ಹೊಸ ರಿಂಗನ್ನು ತಿಕ್ಕಿ, ತಾವೂ ಸ್ವಲ್ಪ ಸವೆದು, ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಈ ಹೊಂದಾಣಿಕೆ ಬಹುಮಟ್ಟಿಗೆ ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿಯೇ ಮುಗಿಯುತ್ತದೆ. ಆಗ ತಪ್ಪಿದರೆ ಗೋಡೆಯ ಮೇಲೆ ಸುಟ್ಟ ಎಣ್ಣೆಯ ನುಣುಪಾದ ಲೇಪ ಕೂಡುತ್ತದೆ. ರಿಂಗು ಮತ್ತೆ ಕೂಡುವುದಿಲ್ಲ. ಹೊಸ ಎಂಜಿನ್ನೂ ಹಳೆಯದರಂತೆ ಎಣ್ಣೆ ಕುಡಿಯತೊಡಗುತ್ತದೆ.

ಆದುದರಿಂದ ಮೊದಲ ಎಣ್ಣೆಯು ರಕ್ಷಿಸಬೇಕು, ಆದರೆ ಈ ಹಿತವಾದ ತಿಕ್ಕಾಟವನ್ನು ಪೂರ್ತಿ ತಡೆಯಬಾರದು. ತಿಕ್ಕಾಟ ಕಡಿಮೆ ಮಾಡುವ ವಿಶೇಷ ದ್ರವ್ಯ ಸೇರಿಸಿದ ಬೆಲೆಬಾಳುವ ಎಣ್ಣೆ ಈ ಸಮಯಕ್ಕೆ ತಕ್ಕುದಲ್ಲ. ಸಾಧಾರಣ ಖನಿಜ ಎಣ್ಣೆಯೇ ಸಾಕು. ಸಿಂಥೆಟಿಕ್ ಎಣ್ಣೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ಅದನ್ನೇ ತುಂಬಿಸಿಕೊಂಡು ಕಾರ್ಖಾನೆಯಿಂದ ಹೊರಡುವ ಹೊಸ ಕಾರುಗಳೂ ಇವೆ. ಆದರೆ ಅಲ್ಲಿಯ ಗೋಡೆಯ ನಯ, ರಿಂಗಿನ ಲೋಹ, ಅಳತೆಯ ಬಿಗಿ ಬೇರೆ. ಪೇಟೆಯ ಗರಾಜಿನಲ್ಲಿ ಬೋರು ಮಾಡಿದ ಹಳೆಯ ಮಾದರಿಯ ಎಂಜಿನ್ನಿಗೆ ಆ ಲೆಕ್ಕ ಹೊಂದದು.

ಇನ್ನು ದಪ್ಪದ ಮಾತು. ಡಬ್ಬಿಯ ಮೇಲೆ 15ಡಬ್ಲ್ಯು-40 ಎಂದಿರುತ್ತದೆ. ಅಮೆರಿಕೆಯ ಮೋಟಾರು ಎಂಜಿನಿಯರರ ಸಂಘವು 1911ರಲ್ಲಿ ಆರಂಭಿಸಿದ ವರ್ಗೀಕರಣದ ಇಂದಿನ ರೂಪ ಇದು. ಡಬ್ಲ್ಯು ಎಂಬುದು ಚಳಿಗಾಲದ ಗುರುತು. ಕಡೆಯ ಸಂಖ್ಯೆ ಕಾದ ಎಣ್ಣೆಯ ದಪ್ಪವನ್ನು ಹೇಳುತ್ತದೆ. ನೂರು ಡಿಗ್ರಿ ಸೆಲ್ಸಿಯಸ್‌ ಕಾವಿನಲ್ಲಿ 40ರ ಎಣ್ಣೆಯ ಸ್ನಿಗ್ಧತೆ 12.5ರಿಂದ 16.3 ಸೆಂಟಿಸ್ಟೋಕ್ಸ್‌ವರೆಗೆ, 50ರದು ಅದಕ್ಕೂ ಮೇಲೆ. ಸವೆದ ಎಂಜಿನ್ನಿನ ಹೊಗೆಯನ್ನು ಮುಚ್ಚಲು ದಪ್ಪ ಎಣ್ಣೆ ಹಾಕುವ ರೂಢಿ ನಮ್ಮಲ್ಲಿದೆ. ಹೊಸ ಬೇರಿಂಗುಗಳ ಸಂದು ಕಿರಿದು. ಅಲ್ಲಿಗೆ ದಪ್ಪ ಎಣ್ಣೆ ಬೇಗ ಹರಿಯದು. ನಮ್ಮ ಸೀಮೆಯ ಬಿಸಿಲು ನಲವತ್ತು ಡಿಗ್ರಿ ದಾಟಿದರೂ, ಎಂಜಿನ್ನಿನ ಒಳಗಿನ ಕಾವು ಅದಕ್ಕಿಂತ ಎಷ್ಟೋ ಹೆಚ್ಚು. ಗಾಡಿಯ ಕೈಪುಸ್ತಕ ಹೇಳಿದ ದಪ್ಪವೇ ಸರಿ. ಹಳೆಯ ಡೀಸೆಲ್ ಗಾಡಿಗಳಿಗೆ ಸಾಮಾನ್ಯವಾಗಿ ಅದು 15ಡಬ್ಲ್ಯು-40 ಇಲ್ಲವೆ 20ಡಬ್ಲ್ಯು-40 ಇರುತ್ತದೆ.

ಡಬ್ಬಿಯ ಮೇಲಿನ ಇನ್ನೊಂದು ಗುರುತನ್ನೂ ನೋಡಿರಿ. ಎಪಿಐ ಎಂಬುದರ ಮುಂದೆ ಸಿ ಅಕ್ಷರದಿಂದ ಆರಂಭವಾಗುವುದು ಡೀಸೆಲ್ಲಿಗೆ, ಎಸ್ ಅಕ್ಷರದ್ದು ಪೆಟ್ರೋಲಿಗೆ. ಸಿಎಫ್-4 ಬಂದದ್ದು 1990ರಲ್ಲಿ, ಸಿಎಚ್-4 1998ರಲ್ಲಿ, ಸಿಐ-4 2002ರಲ್ಲಿ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದಿತು. ಆ ಬಗೆಯ ಗಾಡಿಗಳ ಹೊಗೆನಳಿಗೆಯಲ್ಲಿ ಮಸಿ ಹಿಡಿಯುವ ಫಿಲ್ಟರು ಇರುವುದರಿಂದ ಬೂದಿ ಕಡಿಮೆಯಿರುವ ಎಣ್ಣೆಯೇ ಬೇಕು. ಹಳೆಯ ಟ್ರ್ಯಾಕ್ಸಿಗೆ ಹೊಂದಿದ ಎಣ್ಣೆ ಅಲ್ಲಿ ಸಲ್ಲದು.

ಎಣ್ಣೆಯ ಆಯ್ಕೆ ಎಷ್ಟು ಮುಖ್ಯವೋ ನಡಸುವ ರೀತಿಯೂ ಅಷ್ಟೇ ಮುಖ್ಯ. ಚಾಲೂ ಮಾಡುವ ಮೊದಲು ಡೀಸೆಲ್ ತಡೆದು ಎಂಜಿನ್ನನ್ನು ತಿರುಗಿಸಿ, ಎಣ್ಣೆಯ ಒತ್ತಡ ಏರಿದ್ದನ್ನು ನೋಡಿರಿ. ಆಮೇಲೆ ಅದನ್ನು ಗಂಟೆಗಟ್ಟಲೆ ನಿಂತಲ್ಲೇ ಗುರುಗುಟ್ಟಲು ಬಿಡಬೇಡಿ. ಸಿಲಿಂಡರಿನ ಅನಿಲದ ಒತ್ತಡವೇ ರಿಂಗನ್ನು ಗೋಡೆಗೆ ಒತ್ತುತ್ತದೆ. ಭಾರವಿಲ್ಲದೆ ಆ ಒತ್ತಡ ಸಾಲದು. ಹಾಗೆಂದು ಜಾತ್ರೆಯ ಜನವನ್ನೆಲ್ಲ ಹೇರಬಾರದು. ಹದವಾದ ಭಾರ, ಹೆಚ್ಚು ಕಡಿಮೆಯಾಗುವ ವೇಗ, ನಡುನಡುವೆ ವಿಶ್ರಾಂತಿ. ಹೋರಿಯನ್ನು ನೊಗಕ್ಕೆ ಪಳಗಿಸುವ ಕ್ರಮವೇ ಇದು. ದುಡಿಮೆಯ ಹಂಗಾಮಿನಲ್ಲಿ ಸಾಲಗಾರನ ಮುಖ ಕಂಡಾಗ ಈ ಸಂಯಮ ಕಷ್ಟ. ಆದರೆ ಸಾಲ ತೀರುವುದೂ ಇದರಿಂದಲೇ.

ಸುಮಾರು 500 ಕಿಲೋಮೀಟರಿಗೆ ಆ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಿರಿ. ನಿಮ್ಮ ಮಿಸ್ತ್ರಿ ಅದಕ್ಕೂ ಮೊದಲೇ ಎಂದರೆ ಮೊದಲೇ ಆಗಲಿ. ಬೀಸುವ ಕಲ್ಲಿನ ಮೊದಲ ಹಿಟ್ಟಿನಂತೆ ಅದರಲ್ಲಿ ಲೋಹದ ಪುಡಿ ಇರುತ್ತದೆ. “ಇನ್ನೂ ಹೊಸ ಎಣ್ಣಿ, ಯಾಕ ಚೆಲ್ಲೂದು?” ಎಂಬ ಉಳಿತಾಯ ಇಲ್ಲಿ ನಷ್ಟದ ದಾರಿ. ತೆಗೆದ ಎಣ್ಣೆಯನ್ನು ನಿಂಬೆಯ ತೋಟಕ್ಕೋ ಬಾವಿಯ ಬಳಿಗೋ ಚೆಲ್ಲಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಅದು ಅನುಮತಿ ಪಡೆದ ಮರುಬಳಕೆದಾರರಿಗೆ ಸೇರತಕ್ಕದ್ದು. ಬರಿದಾದ ಡಬ್ಬಿಗೆ ಒಂದು ತೂತು ಹೊಡೆಯಿರಿ, ಕಲಬೆರಕೆಯವನ ಕೈಗೆ ಅದು ಉಪಯೋಗಕ್ಕೆ ಬಾರದಿರಲಿ.

ಅಳತೆಕಡ್ಡಿಯನ್ನು ದಿನಾಲು ನೋಡುತ್ತಿರಿ. ಎಣ್ಣೆಯ ಮಟ್ಟ ಇಳಿಯುವುದು ನಿಂತು, ಹೊಗೆ ತಿಳಿಯಾದರೆ ರಿಂಗು ಕೂಡಿತೆಂದು ತಿಳಿಯಬಹುದು. ಆಮೇಲೆ ಬೇಕಾದರೆ ಬೆಲೆಬಾಳುವ ಎಣ್ಣೆಯನ್ನು ಹಾಕಿರಿ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರೆಂದು ಹಿರಿಯರು ಹೇಳುವ ಗಾದೆಯುಂಟು. ಮೊದಲ ಐನೂರು ಕಿಲೋಮೀಟರಿನ ಮಟ್ಟಿಗಾದರೂ ಕಣ್ಣು ತೆರೆದಿರಲಿ.