ಟೊಪ್ಪಿಗೆಯ ಮೇಲಿನ ಆನೆ

ಸೇನೆಗೆ ಹೋಗಿ ಬಂದವರ ಮನೆಯ ಪೆಟ್ಟಿಗೆಯಲ್ಲಿ ಒಂದು ಲೋಹದ ಬಿಲ್ಲೆ ಇರುವುದುಂಟು. ಅದರಲ್ಲಿ ಗುರಾಣಿ, ಅಡ್ಡಡ್ಡವಾಗಿ ಎರಡು ಕತ್ತಿ ಮತ್ತು ಒಂದು ಆನೆ ಇದ್ದರೆ ಅದು ಮದ್ರಾಸ್ ರೆಜಿಮೆಂಟಿನ ಲಾಂಛನ. ಮೇಟುಪಾಳ್ಯದಿಂದ ಘಟ್ಟ ಹತ್ತಿದರೆ ಕೂನೂರಿನ ಹತ್ತಿರ ವೆಲ್ಲಿಂಗ್ಟನ್ ಸಿಗುತ್ತದೆ. ಈ ರೆಜಿಮೆಂಟಿನ ಕೇಂದ್ರ ಅಲ್ಲಿದೆ.

ಆನೆ ನಮ್ಮ ನೀಲಗಿರಿ ಕಾಡಿನದೆಂದು ತಿಳಿಯಬೇಡಿ. ಅದು ಬಂದದ್ದು ಈಗಿನ ಮಹಾರಾಷ್ಟ್ರದ ಅಸ್ಸಾಯೆ ಎಂಬ ಹಳ್ಳಿಯಿಂದ. 1803ರ ಸೆಪ್ಟೆಂಬರ್ 23ರಂದು ಅಲ್ಲಿ ಕಂಪನಿಯ ಸೇನೆ ಸಿಂಧ್ಯ ಮತ್ತು ಭೋಂಸ್ಲೆಯವರ ಮರಾಠಾ ಸೇನೆಯನ್ನು ಸೋಲಿಸಿತು. ಕಂಪನಿಯ ಪರವಾಗಿ ಕಾದಿದ ಮದ್ರಾಸ್ ಸಿಪಾಯಿಗಳಿಗೆ ಮೆಚ್ಚುಗೆಯಾಗಿ ಆನೆಯ ಗುರುತು ದೊರೆಯಿತು. ಅಂದರೆ ನಮ್ಮವರು ನಮ್ಮವರ ಮೇಲೆಯೇ ಕಾದು ಪಡೆದ ಗುರುತು.

ಹಾಗಾದರೆ ಅದನ್ನು ಈಗಲೂ ಧರಿಸುವುದು ಸರಿಯೇ? ಸ್ವತಂತ್ರ ಭಾರತದ ಸೇನೆ ಇದಕ್ಕೆ ಒಳ್ಳೆಯ ದಾರಿ ಕಂಡುಕೊಂಡಿದೆ. ಅಸ್ಸಾಯೆ, 1799ರ ಶ್ರೀರಂಗಪಟ್ಟಣ ಮುಂತಾದ ಗೆಲುವುಗಳನ್ನು ಅದು ಹಬ್ಬವಾಗಿ ಆಚರಿಸುವುದಿಲ್ಲ. ಅಧಿಕಾರಿಗಳ ಹೆಗಲ ಪಟ್ಟಿಯಲ್ಲಿದ್ದ ಬ್ರಿಟಿಷ್ ಕಿರೀಟ ಹೋಗಿ ಅಶೋಕ ಸಿಂಹ ಬಂತು. ಆನೆ ಮಾತ್ರ ಉಳಿಯಿತು. ಕೊಟ್ಟವನು ಹೋದ, ಧರಿಸಿದವನು ಉಳಿದ. ಗುರುತಿನ ಅರ್ಥ ಈಗ ಧರಿಸಿದವನದು. ರೆಜಿಮೆಂಟಿನ ಧ್ಯೇಯವಾಕ್ಯವೂ ಭಗವದ್ಗೀತೆಯದೇ. ತನ್ನ ಕರ್ತವ್ಯದಲ್ಲಿ ಸಾಯುವುದೇ ಮೇಲು ಎಂಬುದು ಅದರ ಸಾರ.

ಇನ್ನು ನಮಗೆ ಹತ್ತಿರದ ಮಾತು. ಸ್ವಾತಂತ್ರ್ಯದ ನಂತರ ಮೈಸೂರು ಸಂಸ್ಥಾನದ ಪದಾತಿ ದಳವೂ ಇದೇ ರೆಜಿಮೆಂಟಿಗೆ ಸೇರಿತು. ಗಂಡಭೇರುಂಡದ ನಾಡಿನವರು ಆನೆಯ ಕೆಳಗೆ ಬಂದರು. ತಮಿಳರು, ಮಲಯಾಳಿಗಳು, ತೆಲುಗರು, ಕನ್ನಡಿಗರು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅವರ ರಣಘೋಷ, "ವೀರ ಮದ್ರಾಸಿ, ಅಡಿ ಕೊಲ್ಲು". 'ಅಡಿ' ಎಂದರೆ ನಮ್ಮ 'ಹೊಡಿ'. 'ಕೊಲ್ಲು' ನಮಗೂ ತಮಿಳರಿಗೂ ಒಂದೇ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ವಿನಂತಿ. ಅಜ್ಜನ ಪೆಟ್ಟಿಗೆಯ ಬಿಲ್ಲೆಯನ್ನು ಹಳೇ ಹಿತ್ತಾಳೆಯ ಲೆಕ್ಕದಲ್ಲಿ ತೂಕಕ್ಕೆ ಹಾಕಬೇಡಿ. ಅವರ ಹೆಸರು, ಸೈನಿಕ ಸಂಖ್ಯೆ, ಬೆಟಾಲಿಯನ್, ಸೇರಿದ ವರ್ಷವನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಕನ್ನಡದಲ್ಲೂ ಬರೆಯಿರಿ, ತಮಿಳಿನಲ್ಲೂ ಬರೆಯಿರಿ. ಮೊಮ್ಮಕ್ಕಳು ಯಾವುದನ್ನು ಓದಬಲ್ಲರೋ ಅದನ್ನು ಓದಲಿ.