ಅಟ್ಟದ ಮನೆ, ಷೋಕೇಸಿನ ಮನೆ



ಹಳೆಯ ಮೈಸೂರಿನ ಕಡೆ ನವರಾತ್ರಿಗೆ ಗೊಂಬೆ ಕೂರಿಸುವ ಪದ್ಧತಿ ಎಲ್ಲರೂ ಬಲ್ಲದ್ದೇ. ಮೂರೋ ಐದೋ ಏಳೋ ಮೆಟ್ಟಿಲು ಜೋಡಿಸಿ, ಬಿಳಿಯ ಪಂಚೆ ಹಾಸಿ, ಮೇಲಿನ ಸಾಲಿನಲ್ಲಿ ಪಟ್ಟದ ಗೊಂಬೆಗಳನ್ನು ನಿಲ್ಲಿಸುತ್ತಾರೆ. ಮದುವೆಯಾಗಿ ಬಂದ ಹೆಣ್ಣುಮಗಳು ತವರಿನಿಂದ ತಂದ ಮರದ ರಾಜ-ರಾಣಿ ಅವು. ಕೆಳಗೆ ದಶಾವತಾರ, ಶೆಟ್ಟರ ಅಂಗಡಿ, ಚನ್ನಪಟ್ಟಣದ ಆಟಿಕೆ. ಸಂಜೆಯಾದರೆ ಬೀದಿಯ ಮಕ್ಕಳೆಲ್ಲ 'ಗೊಂಬೆ ಕೂರಿಸಿದ್ದೀರಾ?' ಎಂದು ಬಾಗಿಲಿಗೆ ಬರುತ್ತಾರೆ. ಗೊಂಬೆ ಬಾಗಿನದ ಆಸೆಯೂ ಇರುತ್ತದೆನ್ನಿ. ವಿಜಯದಶಮಿಯ ರಾತ್ರಿ ಗೊಂಬೆಯನ್ನು ಮಲಗಿಸುವ ಶಾಸ್ತ್ರ. ಮರುದಿನ ಒಂದೊಂದನ್ನೂ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಟ್ರಂಕಿಗೆ ಹಾಕಿ ಅಟ್ಟಕ್ಕೆ ಏರಿಸಿದರೆ ಮುಗಿಯಿತು. ಮತ್ತೆ ಒಂದು ವರ್ಷ ಅವುಗಳ ಸುದ್ದಿಯಿಲ್ಲ.

ಇಷ್ಟು ಅಂದದ ಗೊಂಬೆಗಳನ್ನು ವರ್ಷವಿಡೀ ಕಣ್ಣೆದುರಿಗೇ ಇಟ್ಟುಕೊಳ್ಳಬಾರದೇಕೆ? ಈ ಪ್ರಶ್ನೆ ಹಿಂದಿನವರಿಗೆ ಹೊಳೆದಂತಿಲ್ಲ. ಹೊಳೆದದ್ದು ಗಾಜಿನ ಬಾಗಿಲಿನ ಷೋಕೇಸು ಬಂದ ಮೇಲೆ. ಮಧ್ಯಮ ವರ್ಗದ ಮನೆಗಳ ಹಾಲಿನಲ್ಲಿ ಅದು ಬಂದು ಕೂತ ಮೇಲೆ ಬೀಟೆಮರದ ಆನೆ, ಪ್ರವಾಸದಲ್ಲಿ ಕೊಂಡ ತಾಜಮಹಲು, ಮಗನ ಓಟದ ಕಪ್ಪು, ಉಡುಗೊರೆ ಬಂದ ಗಡಿಯಾರ ಎಲ್ಲಕ್ಕೂ ಅಲ್ಲಿ ಜಾಗ. ಮೊದಲ ತಿಂಗಳು ಬಂದವರೆಲ್ಲ ನೋಡುತ್ತಾರೆ. ಆಮೇಲೆ ಅದನ್ನು ನೋಡುವುದು ಧೂಳು ಒರೆಸುವವರು ಮಾತ್ರ.

ಹಳೆಯ ತೊಟ್ಟಿಮನೆಗೆ ಕಾಲಿಟ್ಟರೆ ಮನಸ್ಸಿಗೆ ನೆಮ್ಮದಿ ಎನಿಸುತ್ತದೆ ಎಂದು ಅನೇಕರು ಹೇಳುತ್ತಾರೆ. ಹಿಂದಿನವರ ಬಳಿ ಸಾಮಾನೇ ಇರಲಿಲ್ಲ, ಆದ್ದರಿಂದ ಮನೆ ಖಾಲಿಯಾಗಿತ್ತು ಎಂದು ಅದಕ್ಕೆ ಕಾರಣ ಕೊಡುವುದೂ ಉಂಟು. ಬಡವರ ಮಟ್ಟಿಗೆ ಇದು ನಿಜ. ಆದರೆ ಹತ್ತಾರು ಜನರಿದ್ದ ಒಕ್ಕಲು ಮನೆಯಲ್ಲಿ ಸಾಮಾನು ಕಡಮೆಯೇನಿರಲಿಲ್ಲ. ಮದುವೆಗೆ ಬೇಕಾಗುವ ಕೊಳಗ, ಹಂಡೆ, ವರ್ಷದ ದವಸ, ಉಪ್ಪಿನಕಾಯಿಯ ಜಾಡಿ, ಮಳೆಗಾಲದ ಕಂಬಳಿ ಎಲ್ಲವೂ ಇದ್ದವು. ರಾಗಿ ನೆಲದಡಿಯ ಹಗೇವಿನಲ್ಲಿ, ಮಲೆನಾಡಿನ ಬತ್ತ ಪಣತದಲ್ಲಿ, ದೊಡ್ಡ ಪಾತ್ರೆ ಅಟ್ಟದಲ್ಲಿ, ಹಾಲು ಮೊಸರು ನೆಲುವಿನಲ್ಲಿ. ಗೋಡೆಯೊಳಗೇ ಕೊರೆದ ಗೂಡಿನಲ್ಲಿ ದೀಪ. ಬೆಳಗಾಗುತ್ತಲೇ ಹಾಸಿಗೆ ಸುತ್ತಿ ಮೂಲೆಗೆ ಸೇರಿಸಿದರೆ, ರಾತ್ರಿ ಮಲಗಿದ್ದ ಜಾಗವೇ ಹಗಲು ಊಟದ ಪಂಕ್ತಿಯಾಗುತ್ತಿತ್ತು. ಸಾಮಾನು ಇತ್ತು, ಎಲ್ಲವೂ ಒಟ್ಟಿಗೆ ಕಣ್ಣಿಗೆ ಬೀಳುತ್ತಿರಲಿಲ್ಲ. ಅದಕ್ಕೆ ಸೌಂದರ್ಯಶಾಸ್ತ್ರ ಎಂಬ ಹೆಸರನ್ನು ಯಾರೂ ಕೊಡಲಿಲ್ಲ. ಇಲಿ, ಹೆಗ್ಗಣ, ಮಕ್ಕಳ ಕೈ ಇವುಗಳಿಂದ ಕಾಪಾಡುವುದೇ ಮುಖ್ಯವಾಗಿತ್ತು.

ಹೆಸರು ಕೊಟ್ಟು, ಆಲೋಚಿಸಿ, ಈ ಪದ್ಧತಿಯನ್ನು ಒಂದು ಕಲೆಯನ್ನಾಗಿ ಬೆಳೆಸಿದವರು ಜಪಾನೀಯರು. ಅವರ ಸಾಂಪ್ರದಾಯಿಕ ಮನೆಯ ಮುಖ್ಯ ಕೋಣೆಯಲ್ಲಿ 'ತೊಕೊನೊಮ' ಎಂಬ, ನೆಲದಿಂದ ತುಸು ಎತ್ತರಿಸಿದ ಗೂಡೊಂದಿರುತ್ತದೆ. ಅಲ್ಲಿ ತೂಗುಬಿಡುವುದು ಒಂದು ಸುರುಳಿ ಚಿತ್ರ, ಇಡುವುದು ಒಂದು ಹೂದಾನಿ. ಋತು ಬದಲಾದರೆ, ಅತಿಥಿ ಬದಲಾದರೆ ಚಿತ್ರವೂ ಬದಲಾಗುತ್ತದೆ. ಉಳಿದ ಚಿತ್ರಗಳು ಸುರುಳಿ ಸುತ್ತಿಕೊಂಡು ಪೆಟ್ಟಿಗೆಯಲ್ಲಿರುತ್ತವೆ. 16ನೆಯ ಶತಮಾನದ ಚಹಾಗುರು ಸೆನ್ ನೊ ರಿಕ್ಯೂ ಅವರ ಬಗ್ಗೆ ಒಂದು ಕಥೆ ಪ್ರಚಲಿತವಾಗಿದೆ. ಅವರ ತೋಟದ ತುಂಬ ಹೂ ಬಿಟ್ಟಿದೆ ಎಂದು ಕೇಳಿ ದೊರೆ ಹಿದೆಯೋಶಿ ನೋಡಲು ಬಂದನಂತೆ. ತೋಟದಲ್ಲಿ ಒಂದು ಹೂವೂ ಇರಲಿಲ್ಲ, ಎಲ್ಲವನ್ನೂ ಕಿತ್ತುಹಾಕಿಸಲಾಗಿತ್ತು. ಸಿಟ್ಟಿನಿಂದಲೇ ಚಹಾದ ಕೋಣೆಗೆ ಹೊಕ್ಕರೆ ತೊಕೊನೊಮದಲ್ಲಿ ಒಂದೇ ಒಂದು ಹೂವು. ಕಥೆ ನಿಜವಿರಲಿ ಸುಳ್ಳಿರಲಿ, ಕಿತ್ತೆಸೆದ ಹೂಗಳ ಲೆಕ್ಕವನ್ನು ಮಾತ್ರ ಯಾರೂ ಕೇಳುವುದಿಲ್ಲ.

ಒಕಾಕುರಾ ಕಕುಜೊ ಎಂಬ ವಿದ್ವಾಂಸರು 1906ರಲ್ಲಿ ಇಂಗ್ಲಿಷಿನಲ್ಲಿ ಚಹಾವನ್ನು ಕುರಿತು ಪುಸ್ತಕವೊಂದನ್ನು ಪ್ರಕಟಿಸಿದರು. 1902ರಲ್ಲಿ ಕಲ್ಕತ್ತೆಯಲ್ಲಿದ್ದು ವಿವೇಕಾನಂದರನ್ನೂ ಠಾಕೂರ್ ಮನೆತನದವರನ್ನೂ ಕಂಡಿದ್ದವರು ಇವರೇ. ಪಾಶ್ಚಾತ್ಯರ ಮನೆಗಳು ವಸ್ತುಸಂಗ್ರಹಾಲಯಗಳಂತೆ ತುಂಬಿಹೋಗಿವೆ, ಯಾವುದೊಂದನ್ನೂ ನೆಟ್ಟಗೆ ಸವಿಯಲಾಗದು ಎಂಬುದು ಅವರ ದೂರು. ಆದರೆ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮೋರ್ಸ್ ಜಪಾನಿನ ಮನೆಗಳನ್ನು ಕುರಿತು 1880ರ ದಶಕದಲ್ಲಿ ಬರೆದ ಗ್ರಂಥದಲ್ಲಿ ಇನ್ನೊಂದು ಕಟ್ಟಡವೂ ಇದೆ. ಅದು 'ಕುರ': ಮನೆಯ ಪಕ್ಕದಲ್ಲಿ ದಪ್ಪ ಮಣ್ಣಿನ ಗೋಡೆಯಿಂದ ಕಟ್ಟಿದ, ಬೆಂಕಿ ತಗುಲದ ಉಗ್ರಾಣ. ಸಿರಿವಂತರ ಖಾಲಿ ಕೋಣೆಯ ಗುಟ್ಟು ಈ ತುಂಬಿದ ಉಗ್ರಾಣದಲ್ಲಿತ್ತು. ಅಟ್ಟವಿಲ್ಲದೆ ತೊಟ್ಟಿ ಹೇಗೆ ಖಾಲಿಯಿರದೋ ಹಾಗೆಯೇ ಇದೂ.

ಅಲ್ಲಿಯೂ ಗೊಂಬೆಹಬ್ಬವಿದೆ ಎಂಬುದು ಸೋಜಿಗ. ಮಾರ್ಚ್ 3ರಂದು ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ ರಾಜ-ರಾಣಿ ಗೊಂಬೆ ಕೂರಿಸುತ್ತಾರೆ. ಹಬ್ಬ ಮುಗಿದ ಮೇಲೂ ಗೊಂಬೆ ಒಳಗಿಡದಿದ್ದರೆ ಮಗಳ ಮದುವೆ ತಡವಾಗುತ್ತದೆಂಬ ನಂಬಿಕೆ! ನಂಬಿಕೆ ಏನೇ ಇರಲಿ, ತೆಗೆದಿಡುವ ಕೆಲಸವಂತೂ ಚಕಚಕನೆ ಆಗುತ್ತದೆ.

ಹಾಗೆಂದು ಜಪಾನೀಯರ ಮನೆಯೆಂದರೆ ಈಗಲೂ ಶೂನ್ಯದ ತಪೋವನ ಎಂದು ಭಾವಿಸಬೇಕಾಗಿಲ್ಲ. ಛಾಯಾಗ್ರಾಹಕ ಕ್ಯೊಇಚಿ ಟ್ಸುಜುಕಿ 1993ರಲ್ಲಿ ಹೊರತಂದ ಚಿತ್ರಸಂಪುಟದಲ್ಲಿ ಟೋಕಿಯೋದ ಪುಟ್ಟ ಬಾಡಿಗೆ ಕೋಣೆಗಳು ಪುಸ್ತಕ, ಬಟ್ಟೆ, ಡಬ್ಬಗಳಿಂದ ಗಿಜಿಗುಟ್ಟುತ್ತಿವೆ. ಕುರ ಹೋಯಿತು, ಸಾಮಾನು ಉಳಿಯಿತು. ಬೆಂಗಳೂರಿನ ಎರಡು ಕೋಣೆಯ ಫ್ಲಾಟಿನ ಕಥೆಯೂ ಇದೇ. ತಾರಸಿಯ ಮನೆ ಬಂದಾಗ ಅಟ್ಟ ಹೋಗಿ, ಬಾಗಿಲ ಮೇಲಿನ ಸಜ್ಜಾ ಮಾತ್ರ ಉಳಿದಿದೆ.

ಇದರಿಂದ ಆಗುವ ತೊಂದರೆ ಬರಿಯ ಕಣ್ಣಿನದಲ್ಲ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಗಂಡ-ಹೆಂಡತಿ ಇಬ್ಬರೂ ದುಡಿಯುವ 32 ಕುಟುಂಬಗಳ ದೈನಂದಿನ ಬದುಕನ್ನು ವರ್ಷಗಳ ಕಾಲ ಅಭ್ಯಸಿಸಿದರು. 2010ರಲ್ಲಿ ಪ್ರಕಟವಾದ ಒಂದು ವರದಿ ಗಮನಾರ್ಹ. ಆರೋಗ್ಯವಂತರಲ್ಲಿ ಬೆಳಗ್ಗೆ ಹೆಚ್ಚಾಗಿದ್ದು ಸಂಜೆಗೆ ಇಳಿಯಬೇಕಾದ ಕಾರ್ಟಿಸಾಲ್ ಎಂಬ ರಸ, ತಮ್ಮ ಮನೆ ಅಸ್ತವ್ಯಸ್ತ, ಕೆಲಸ ಮುಗಿಯದ ಮನೆ ಎಂಬಂತೆ ಬಣ್ಣಿಸಿದ ಹೆಂಗಸರಲ್ಲಿ ಅಷ್ಟಾಗಿ ಇಳಿಯುತ್ತಿರಲಿಲ್ಲ. ಹೆಂಗಸರಲ್ಲಿ ಇದು ಕಂಡಿತೆಂಬುದು ಯಾವ ಗೃಹಿಣಿಗೂ ಆಶ್ಚರ್ಯ ತರದು. ಮೇಜಿನ ಮೇಲೆ ಬಿದ್ದ ಒಂದೊಂದು ವಸ್ತುವೂ ಅವಳಿಗೆ 'ನನ್ನನ್ನು ಎತ್ತಿಡು' ಎಂದು ಕೂಗುತ್ತಿರುತ್ತದೆ. ಉಳಿದವರ ಕಿವಿಗೆ ಆ ಕೂಗು ಬೀಳುವುದಿಲ್ಲ. ಹಳೆಯ ಮನೆಯಲ್ಲೂ ಹಾಸಿಗೆ ಸುತ್ತಿದ್ದು, ಗೊಂಬೆಗೆ ಬಟ್ಟೆ ಸುತ್ತಿದ್ದು ಹೆಚ್ಚಾಗಿ ಹೆಂಗಸರ ಕೈಗಳೇ. ತೊಟ್ಟಿಮನೆಯ ನೆಮ್ಮದಿಯನ್ನು ಹೊಗಳುವಾಗ ಇದನ್ನು ಮರೆಯುವಂತಿಲ್ಲ.

ಈಚಿನ ವರ್ಷಗಳಲ್ಲಿ 'ಬೇಡದ್ದನ್ನು ಎಸೆಯಿರಿ' ಎನ್ನುವ ಪುಸ್ತಕಗಳಿಗೆ ಬರವಿಲ್ಲ. ಜಪಾನಿನ ಮರಿ ಕೊಂಡೊ ಅವರ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂದು ಲೋಕಪ್ರಸಿದ್ಧವಾಯಿತು. ಒಡೆದ ಬಕೆಟ್ಟು, ಹಳೆಯ ಚಾರ್ಜರು ಎಸೆಯಬೇಕಾದವೇ ಸರಿ. ಆದರೆ ಈ ಹುಮ್ಮಸ್ಸಿನಲ್ಲಿ ಮೊದಲು ಗುಜರಿಗೆ ಹೋಗುವುದು ಎಸೆಯುವವರ ಸಾಮಾನಲ್ಲ, ಮನೆಯ ಹಿರಿಯರದು. ಅಜ್ಜಿಯ ತಾಮ್ರದ ಹಂಡೆ ತೂಕದ ಲೆಕ್ಕದಲ್ಲಿ ಹೋಗುತ್ತದೆ. ಮೊಮ್ಮಗನ ಮೂರು ಜೊತೆ ಬೂಟು ಬಾಗಿಲಲ್ಲೇ ಉಳಿಯುತ್ತವೆ. ಮಾತು ಕಡಮೆಯಾದ ವಯಸ್ಸಿನಲ್ಲಿ ಆ ಹಂಡೆ, ಆ ಟ್ರಂಕು ಅವರ ಅರ್ಧ ನೆನಪು.

ಎಸೆಯದೆಯೂ ದಾರಿಯಿದೆ. ಷೋಕೇಸಿನ ನಾಲ್ಕು ಹಲಗೆಗಳಲ್ಲಿ ಮೂರಕ್ಕೆ ಮರದ ಬಾಗಿಲು ಹಾಕಿಸಿ, ಒಂದನ್ನು ಮಾತ್ರ ತೆರೆದಿಟ್ಟು, ತಿಂಗಳಿಗೊಮ್ಮೆಯೋ ಹಬ್ಬಕ್ಕೊಮ್ಮೆಯೋ ವಸ್ತು ಬದಲಿಸಬಹುದು. ಮಂಚದಡಿಯ ಪೆಟ್ಟಿಗೆ ಅಟ್ಟದ ಕೆಲಸ ಮಾಡುತ್ತದೆ. ತೆಗೆದಿಡುವ ಕೆಲಸಕ್ಕೆ ಗಂಡಸರ, ಮಕ್ಕಳ ಕೈಯೂ ಸೇರಬೇಕು. ಇನ್ನು ಅಜ್ಜಿಯ ಟ್ರಂಕನ್ನು ಅವರಿಲ್ಲದ ಹೊತ್ತಿನಲ್ಲಿ ತೆರೆಯುವುದು ಬೇಡ. ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದನ್ನೇ ಕೈಗೆ ಕೊಟ್ಟು, ಯಾವುದನ್ನು ಈ ಸಲ ಹೊರಗಿಡೋಣವೆಂದು ಅವರನ್ನೇ ಕೇಳಬೇಕು. ಅರ್ಧ ದಿನ ಹಿಡಿಯುತ್ತದೆ, ಹಿಡಿಯಲಿ.