ಸಾಕಿದ ಮಗುವಿಗೆ ಹದಿನೆಂಟು ತುಂಬಿದಾಗ
(ಬ್ರಹ್ಮಕಲಶೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸ)



ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಕರ್ಣನ ಕತೆಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ರಾಧೆ ಅವನನ್ನು ಎದೆಗವಚಿ ಸಾಕಿದಳು, ಅಧಿರಥ ವಿದ್ಯೆಗೆ ಕಳುಹಿಸಿದ. ಸಾಕಿದ ಮನೆಯಲ್ಲಿ ಕೊರತೆಯಾಗಲಿಲ್ಲ. ಕೊರತೆ ಕಾಣಿಸಿದ್ದು ಕಲಿತ ವಿದ್ಯೆಯನ್ನು ತೋರಿಸಲು ಪರೀಕ್ಷಾರಂಗಕ್ಕೆ ಇಳಿದಾಗ. ಕೃಪಾಚಾರ್ಯರು ಕುಲ ಕೇಳಿದರು, ಹುಡುಗ ತಲೆ ತಗ್ಗಿಸಿದ. ಆ ಹೊತ್ತಿಗೆ ಅಂಗರಾಜ್ಯ ಕೊಟ್ಟವನು ದುರ್ಯೋಧನ. ಆ ಋಣ ಕುರುಕ್ಷೇತ್ರದವರೆಗೂ ಬಿಡಲಿಲ್ಲ. ಸಭೆಯ ಹಿರಿಯರಲ್ಲಿ ಒಬ್ಬರಾದರೂ ಮೊದಲೇ ಎದ್ದು ನಿಂತಿದ್ದರೆ ಅರ್ಥಧಾರಿಗಳಿಗೆ ಇಷ್ಟು ಮಾತೇ ಸಿಗುತ್ತಿರಲಿಲ್ಲವೇನೋ!

ಹೆತ್ತವರ ಆಸರೆಯಿಲ್ಲದ ಮಕ್ಕಳನ್ನು ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಸಾಕುಮನೆಗೆ ಒಪ್ಪಿಸುವ ಕ್ರಮ ಇಂದೂ ಇದೆ. 2015ರ ಬಾಲನ್ಯಾಯ ಕಾಯ್ದೆ ಅದಕ್ಕೆ ಆಧಾರ. ಇದು ದತ್ತು ಅಲ್ಲ. 'ಮಿಷನ್ ವಾತ್ಸಲ್ಯ'ದ 2022ರ ಮಾರ್ಗಸೂಚಿಯಂತೆ ಪೋಷಣೆಗೆ ತಿಂಗಳಿಗೆ 4,000 ರೂಪಾಯಿ. ಆದರೆ 18 ತುಂಬಿದಾಗ ಸಾಕುಮನೆಯ ಅವಧಿ ಮುಗಿಯುತ್ತದೆ. ಪ್ಲಸ್ ಟು ಮುಗಿಯುವುದೂ ಹೆಚ್ಚುಕಡಿಮೆ ಆಗಲೇ. ಬೇರೆ ಮಕ್ಕಳು 'ಮುಂದೇನು?' ಎಂದು ಅಪ್ಪನ ಮುಖ ನೋಡುವ ಹೊತ್ತಿಗೆ ಈ ಮಗು ಯಾರ ಮುಖ ನೋಡಬೇಕು?

ಮಕ್ಕಳ ಮಂದಿರಗಳಿಂದ ಹೊರಬರುವವರಿಗೆ ಅದೇ ಕಾಯ್ದೆಯ 46ನೇ ಸೆಕ್ಷನ್ನಿನಲ್ಲಿ ಆರ್ಥಿಕ ನೆರವಿನ ಅವಕಾಶವಿದೆ; ನಿಯಮದಂತೆ 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ. ಒಳ್ಳೆಯದೇ. ಆದರೆ ಸಂದರ್ಶನದ ದಿನ ಜೊತೆಗೆ ಬಸ್ಸು ಹತ್ತುವುದು ಕಾಯ್ದೆಯಲ್ಲ.

ಕಾಸರಗೋಡಿನ ಕನ್ನಡ ಮಗುವಿಗೆ ಭಾಷೆಯ ತೊಡಕೂ ಸೇರಿತು. ಕನ್ನಡ ಮಾಧ್ಯಮದಲ್ಲಿ ಕಲಿತು ಮುಂದೆ ಮಲಯಾಳದ ತರಗತಿಯಲ್ಲಿ ಕುಳಿತರೆ ಅರ್ಧ ಪಾಠ ತಲೆಯ ಮೇಲಿಂದ ಹೋಗುತ್ತದೆ. ಎರಡೂ ಭಾಷೆ ಬಲ್ಲವರಿಗೆಂದೇ ಕೇರಳ ಪಿ.ಎಸ್.ಸಿ. ಈ ಜಿಲ್ಲೆಯಲ್ಲಿ ಕೆಲವು ಹುದ್ದೆಗಳಿಗೆ ಬೇರೆಯಾಗಿ ಅರ್ಜಿ ಕರೆಯುವುದುಂಟು. ಹೇಳುವವರಿದ್ದರೆ ತಾನೇ ತಿಳಿಯುವುದು? ಕಾಯಿ ಕೀಳಲು ಜನವಿಲ್ಲವೆಂದು ಮನೆಮನೆಯಲ್ಲಿ ಗೊಣಗುತ್ತಾರೆ. ಯಂತ್ರದಿಂದ ತೆಂಗಿನ ಮರ ಹತ್ತುವ ತರಬೇತಿಯನ್ನು ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲೇ ಆರಂಭಿಸಿತ್ತು.

ಹೊರೆಕಾಣಿಕೆಯ ಲೆಕ್ಕ ಬರೆಯುವ ಬ್ಯಾಂಕಿನವರು, ಚಪ್ಪರಕ್ಕೆ ದೀಪ ಕಟ್ಟುವ ವಯರ್‌ಮೆನ್, ಅಡುಗೆಭಟ್ಟರು, ವಕೀಲರು ಎಲ್ಲರೂ ಉತ್ಸವ ಸಮಿತಿಯಲ್ಲಿ ಇರುತ್ತಾರೆ. ಅವರಲ್ಲಿ ಒಬ್ಬರು ಒಂದು ಮಗುವಿನ ಬೆನ್ನಿಗೆ ನಿಲ್ಲಬಹುದು. ಅದೂ ಹದಿನೆಂಟಕ್ಕಲ್ಲ, ಹತ್ತನೆಯ ತರಗತಿಯಿಂದಲೇ. ಆದರೆ 'ನಮ್ಮ ಅಂಗಡಿಯಲ್ಲೇ ಇರಲಿ' ಎಂದು ಸಂಬಳವಿಲ್ಲದೆ ನಿಲ್ಲಿಸಿಕೊಂಡರೆ ಅದು ಇನ್ನೊಂದು ಅಂಗರಾಜ್ಯವಾದೀತು.

ಮುಂದೆ ಬರುವವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕಾಣಬೇಕು. ಮಗುವಿನ ಹೆಸರು, ಹಿನ್ನೆಲೆ ಸಭೆಯಲ್ಲಿ ಹೇಳುವಂಥದ್ದಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಬೆನ್ನಿಗೇ ಐ.ಟಿ.ಐ. ಅರ್ಜಿಯ ದಿನಗಳು ಬರುತ್ತವೆ.